ಎಲ್ಲ ಬಾಗಿಲಿಗೂ ಅದೇ ಗಿಣಿ

ನಮ್ಮ ಮನೆಯಲ್ಲಿ ಬದುಕಿರುವವರಿಗಿಂತ ಸತ್ತವರೇ ಟೈಮಿಗೆ ಸರಿಯಾಗಿ ಬರುತ್ತಿದ್ದರು. ಬದುಕಿರುವ ನಮ್ಮಪ್ಪ 'ಈಗ ಬಂದೆ' ಎಂದು ಹೇಳಿ ಹೊರಟರೆ ಮಾರತ್ತಹಳ್ಳಿಯ ಟ್ರಾಫಿಕ್ಕು ಅವನನ್ನು ನುಂಗಿ, ನಿಧಾನವಾಗಿ ಜಗಿದು, ಊಟ ಆರಿದ ಮೇಲೆ ಮನೆ ಮುಂದೆ ಉಗಿಯುತ್ತಿತ್ತು. ಸತ್ತವರಿಗೆ ಆ ತಾಪತ್ರಯವಿಲ್ಲ. ವರ್ಷಕ್ಕೊಂದು ಸಲ, ಹಿರಿಯರ ಹಬ್ಬದ ಸಂಜೆ, ದೀಪ ಹಚ್ಚುವ ಹೊತ್ತಿಗೆ ಕುಂದಲಹಳ್ಳಿಯ ನಮ್ಮ ಮನೆಗೆ ಬಂದು, ಎಡೆ ಉಂಡು, ಕೈ ತೊಳೆದು ಹೊರಟುಬಿಡುತ್ತಿದ್ದರು. ಹಾಗೆಂದು ಅಜ್ಜಿ ಹೇಳುತ್ತಿದ್ದಳು. ನನಗೆ ಈಗ ಹದಿನೇಳು. ನಾನು ಹೇಳುವುದರಲ್ಲಿ ಅರ್ಧ ಗಾಳಿ ಎಂದು ನನ್ನ ಕ್ಲಾಸಿನವರೆಲ್ಲ ಒಪ್ಪುತ್ತಾರೆ. ಆ ಗಾಳಿ ನನಗೆ ಎಲ್ಲಿಂದ ಬೀಸಿತು ಎಂದು ಯಾರೂ ಕೇಳಿಲ್ಲ. ಕೇಳಿದ್ದರೆ ನಮ್ಮ ಮನೆಯ ನಡುಕೋಣೆಯ ಬಾಗಿಲು ತೋರಿಸುತ್ತಿದ್ದೆ. ವರ್ಷದ ಉಳಿದ ದಿನ ಅದು ಬರೀ ಬಾಗಿಲು. ಆ ಒಂದು ಸಂಜೆ ಮಾತ್ರ ಅಲ್ಲೊಂದು ಬಟ್ಟೆ ತೂಗುತ್ತಿತ್ತು.

ನಾನು ಹುಟ್ಟುವ ಮೊದಲೇ ನಮ್ಮ ಹೆಂಚಿನ ಮನೆ ಕೆಡವಿ, ಆ ಜಾಗದಲ್ಲಿ ಒಂದರ ಮೇಲೊಂದು ಮಹಡಿ ಎಬ್ಬಿಸಿದ್ದರು. ಕೆಳಗೆ ನಾವು, ಮೇಲೆಲ್ಲ ಬಾಡಿಗೆ ರೂಮುಗಳು. ನಡುವೆ ಗಾಳಿ ಬೆಳಕಿಗೆಂದು ಬಿಟ್ಟ ಚೌಕದ ತೆರಪು, ಅದರ ಸುತ್ತ ಪ್ರತಿ ಮಹಡಿಯಲ್ಲೂ ಓಡಾಡುವ ಜಗಲಿ, ಜಗಲಿಗೆ ಮುಖ ಮಾಡಿಕೊಂಡ ಬಾಗಿಲುಗಳು. ನಮ್ಮ ಅಡುಗೆಮನೆಯ ಮುಂದೆ ನಿಂತು ಕತ್ತೆತ್ತಿದರೆ ಮೇಲಿನವರ ಬನಿಯನ್ನುಗಳ ನಡುವೆ ಅಂಗೈಯಷ್ಟು ಆಕಾಶ ಕಾಣುತ್ತಿತ್ತು. ಯಾರ ರೂಮಿನಲ್ಲಿ ಏನು ಒಗ್ಗರಣೆ ಎಂಬುದು ಆ ತೆರಪಿನಲ್ಲಿ ಇಳಿದು ನಮ್ಮ ಅಡುಗೆಮನೆಗೆ ಬರುತ್ತಿತ್ತು. ಯಾರ ರೂಮಿನಲ್ಲಿ ಏನು ಜಗಳ ಎಂಬುದು ಒಗ್ಗರಣೆಗಿಂತ ಮೊದಲೇ ತಲುಪುತ್ತಿತ್ತು. ಬೀದಿಯವರೆಲ್ಲ ಒಬ್ಬನೇ ಮೇಸ್ತ್ರಿಯನ್ನು ಹಿಡಿದು, ಒಂದೇ ಬಣ್ಣದ ಡಬ್ಬ ಹಂಚಿಕೊಂಡು ಮನೆ ಕಟ್ಟಿದ್ದರಿಂದ ಎಲ್ಲ ಬಿಲ್ಡಿಂಗುಗಳೂ ಅವಳಿ ಜವಳಿಯ ಹಾಗಿದ್ದವು. ಒಂದು ದಿನ ನಾನು ಸ್ಕೂಲಿಂದ ಬಂದು, ಶೂ ಬಿಚ್ಚಿ, ಸೋಫಾ ಮೇಲೆ ಬಿದ್ದು, ಅಲ್ಲಿದ್ದ ಉಪ್ಪಿಟ್ಟನ್ನು ಅರ್ಧ ತಿಂದು, 'ಉಪ್ಪು ಕಮ್ಮಿ ಕಣಮ್ಮ' ಎಂದು ಕೂಗಿದ ಮೇಲೆ ಅದು ಪಕ್ಕದ ಮನೆ ಎಂದು ಗೊತ್ತಾಯಿತು. ಬೀದಿಯೆಲ್ಲ ನಕ್ಕಿತು. ಅಜ್ಜಿ ಒಬ್ಬಳು ನಗಲಿಲ್ಲ. ನನ್ನನ್ನು ಹತ್ತಿರ ಕರೆದು ಕೆನ್ನೆ ಹಿಡಿದು ಕೇಳಿದಳು:

"ಬದುಕಿರೋ ಮಗೀಗೇ ಮನೆ ಗುರ್ತು ಸಿಗ್ಲಿಲ್ಲ. ಇನ್ನ ಅವ್ಳಿಗೆ ಎಂಗೆ ಸಿಗ್ಬೇಕು ಏಳು?"

ಅವಳು ಎಂದರೆ ಲಲಿತತ್ತೆ. ಅಪ್ಪನ ತಂಗಿ, ಅಜ್ಜಿಯ ಒಬ್ಬಳೇ ಮಗಳು. ನಾನು ಅತ್ತೆ ಎಂದು ಕರೆಯುತ್ತಿದ್ದೆನಾದರೂ ಅವಳು ಹತ್ತು ವರ್ಷದವಳು, ಹತ್ತಕ್ಕೇ ನಿಂತುಹೋದವಳು. ಹೆಂಚಿನ ಮನೆಯಲ್ಲಿ ಹುಟ್ಟಿ, ಅಲ್ಲೇ ಜ್ವರ ಬಂದು ಸತ್ತಳು. ಆ ಮನೆಯ ತೊಲೆ, ಕಂಬ, ಹೊಸ್ತಿಲು ಎಲ್ಲ ಯಾವುದೋ ರೆಸಾರ್ಟಿನವರ ಪಾಲಾದವು. ಅವಳು ಕಂಡಿದ್ದ ಮನೆಯಲ್ಲಿ ಉಳಿದಿದ್ದು ಒಂದೇ ವಸ್ತು, ಅಜ್ಜಿಯ ಟ್ರಂಕಿನ ತಳದಲ್ಲಿದ್ದ ಅಚ್ಚಿನ ಬಟ್ಟೆ.

ಆ ಬಟ್ಟೆ ಅಜ್ಜಿಗೆ ಅವಳ ಅಮ್ಮನಿಂದ, ಆಕೆಗೆ ಆಕೆಯ ಅಮ್ಮನಿಂದ ಬಂದದ್ದು. ಅದಕ್ಕೂ ಹಿಂದೆ ಯಾರು ಎಂದು ಕೇಳಿದರೆ ಅಜ್ಜಿ 'ಅದಕ್ಕೂ ಮುಂಚೆ ಗಿಣಿಗಳೇ ಇದ್ದೋ' ಎನ್ನುತ್ತಿದ್ದಳು. ಮರದ ಅಚ್ಚನ್ನು ಬಣ್ಣಕ್ಕೆ ಅದ್ದಿ ಕೈಯಲ್ಲಿ ಒತ್ತಿದ ಹತ್ತಿ ಬಟ್ಟೆ. ನೆಲ ಕೆಂಪು, ಒಣಗಿದ ರಕ್ತದ ಹಾಗೆ. ಅದರ ಮೇಲೆ ನೀಲಿ ಬಳ್ಳಿ, ಬಳ್ಳಿಯಲ್ಲಿ ಸಾಲು ಸಾಲು ಗಿಣಿ. ಒತ್ತಿದವನು ಒಂದು ತುದಿಯಿಂದ ಶುರು ಮಾಡಿದಾಗ ಚೆನ್ನಾಗಿ ಉಂಡಿದ್ದ ಅನ್ನಿಸುತ್ತದೆ. ಆ ಕಡೆಯ ಗಿಣಿಗಳು ಎದೆಯುಬ್ಬಿಸಿ ಕೂತಿದ್ದವು. ಬರ್ತಾ ಬರ್ತಾ ಅವನಿಗೆ ಹಸಿವಾಗಿ, ಕೈ ಸೋತು, ಕೊನೇ ಸಾಲಿನ ಗಿಣಿಗಳು ಬಾರಿನಿಂದ ಹೊರಬಿದ್ದವರ ಹಾಗೆ ಒಂದರ ಮೇಲೊಂದು ವಾಲಿದ್ದವು. ಒಂದಕ್ಕೆ ಎರಡು ಕೊಕ್ಕು. ಒಂದರ ಬಾಲ ಇನ್ನೊಂದರ ತಲೆಗೆ ಟೋಪಿ. ಕೆಳಗಿನ ಅಂಚಿನ ಹತ್ತಿರ ಮಾತ್ರ ಒಂದು ಗಿಣಿಗೆ ಕಣ್ಣಿನ ಜಾಗದಲ್ಲಿ ತೂತಿತ್ತು. ಮಡಿಕೆ ಬಿಚ್ಚಿದ ಕೂಡಲೇ ಸೀಗೆಕಾಯಿ, ನುಸಿಗುಳಿಗೆ, ಹೊಗೆ, ಇನ್ನೂ ಏನೋ ಒಂದು ಸೇರಿದ ವಾಸನೆ. ಆ ಇನ್ನೊಂದು ಏನೆಂದು ನಾನು ಮೂಗಿಟ್ಟು ಹುಡುಕಿದ್ದೇನೆ, ಸಿಕ್ಕಿಲ್ಲ. ಆದರೆ ಜ್ವರ ಬಂದಾಗ ನನ್ನ ದಿಂಬಿನಲ್ಲಿ ಅದೇ ವಾಸನೆ ಬರುತ್ತಿತ್ತು.

ಹಬ್ಬದ ದಿನ ಬೇರೆಯವರು ಎಡೆಯಿಟ್ಟು ಬಾಗಿಲು ಮುಚ್ಚುತ್ತಾರೆ. ನಮ್ಮಲ್ಲಿ ಬಾಗಿಲು ತೆರೆದಿಟ್ಟು ಈ ಬಟ್ಟೆ ಇಳಿಬಿಡುತ್ತಿದ್ದರು. ಒಳಗೆ ದೀಪ, ಬಾಳೆಲೆ, ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ, ತಾತನಿಗೆ ಬೀಡಿ ಕಟ್ಟು, ಲಲಿತತ್ತೆಗೆ ಒಂದು ಹೊಸ ಫ್ರಾಕು. ನಾವೆಲ್ಲ ಹೊರಗೆ ಕೂತು ಕಾಯಬೇಕು, ಮಾತಾಡಬಾರದು, ಒಳಗೆ ಇಣುಕಲೇಬಾರದು. ಅವರು ಉಂಡಿರಬಹುದು ಎಂದು ದೊಡ್ಡವರಿಗೆ ಅನ್ನಿಸಿದ ಮೇಲೆ ಮನೆಯ ಕಿರಿಯರು ಒಮ್ಮೆ ಕೆಮ್ಮಬೇಕು. ಒಳಗಿರುವವರು ಎದ್ದು ಹೋಗಲಿ ಎಂದು ಆ ಕೆಮ್ಮು. ಕಿರಿಯಳು ನಾನೇ ಆದ್ದರಿಂದ ಕೆಮ್ಮುವ ಅಧಿಕಾರ ನನ್ನದು. ಪ್ರಧಾನಿಗೂ ಇಲ್ಲದ ಅಧಿಕಾರ. ನಾನು ಕೆಮ್ಮಿದರೆ ಮುತ್ತಾತಂದಿರೆಲ್ಲ ಎದ್ದು ಓಡಬೇಕು. ವಡೆಯ ವಾಸನೆಗೆ ತಡೆಯಲಾರದೆ ನಾನು ಪ್ರತಿ ವರ್ಷವೂ ಬೇಗ ಕೆಮ್ಮಿಬಿಡುತ್ತಿದ್ದೆ. ಅಜ್ಜಿ ತೊಡೆ ಚಿವುಟುತ್ತಿದ್ದಳು.

"ಇನ್ನೂ ಕೈ ತೊಳ್ದಿಲ್ಲ ಕಣೇ ಅವ್ರು! ಏನ್ ಅವಸ್ರ ನಿಂಗೆ, ಬರಗೆಟ್ಟೋಳೆ!"

ಹೊಸ ಫ್ರಾಕು ಮಾರನೆಯ ದಿನ ನನಗೆ ಪ್ರಸಾದ. ಅಳತೆ ಮಾತ್ರ ಯಾವಾಗಲೂ ಲಲಿತತ್ತೆಯದು. ಏಳು ವರ್ಷದವಳಿದ್ದಾಗ ಅದರೊಳಗೆ ನಾನು ಘಂಟೆಯ ನಾಲಿಗೆಯ ಹಾಗೆ ಅಲ್ಲಾಡುತ್ತಿದ್ದೆ. ಎಂಟಕ್ಕೆ ತೋಳು ಕೈಗೆ ಸಿಕ್ಕಿತು. ಪ್ರತಿ ವರ್ಷ ತೊಡಿಸಿದಾಗಲೂ ಅಜ್ಜಿ ನನ್ನನ್ನು ದೂರ ನಿಲ್ಲಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ನನ್ನ ಭುಜದ ಪಕ್ಕದಲ್ಲಿ ಎಲ್ಲೋ ನೋಡುತ್ತಿದ್ದ ಹಾಗಿರುತ್ತಿತ್ತು. ಸತ್ತವಳೊಬ್ಬಳ ಅಳತೆಗೆ ಬೆಳೆಯುವುದು ಹೇಗಿರುತ್ತದೆ ಎಂದು ಕೇಳಿದರೆ ಹೇಳುತ್ತೇನೆ: ಕಂಕುಳಲ್ಲಿ ಸ್ವಲ್ಪ ಕಚ್ಚುತ್ತದೆ.

ಗಿಣಿಯ ಕಣ್ಣಿನ ತೂತು ಮಾಡಿದ್ದು ಲಲಿತತ್ತೆಯೇ. ಹೆಂಚಿನ ಮನೆಯಲ್ಲಿ ಒಂದು ಹಬ್ಬದ ಸಂಜೆ, ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದಾಗ, ಒಳಗೆ ಯಾರು ಉಣ್ಣುತ್ತಾರೆ ನೋಡೇಬಿಡೋಣ ಎಂದು ಪೊರಕೆ ಕಡ್ಡಿಯಿಂದ ಚುಚ್ಚಿ ಕಣ್ಣಿಟ್ಟಿದ್ದಳಂತೆ. ಅಜ್ಜಿ ಹಿಡಿದು ಹೊಡೆದಳು. ಅವತ್ತು ಅವಳಿಗೆ ವಡೆ ಕೊಡಲಿಲ್ಲ. 'ಎಡೆ ನೋಡ್ದೋಳ್ಗೆ ಎಡೆ ಇಲ್ಲ' ಎಂದು ಮೂಲೆಯಲ್ಲಿ ಕೂರಿಸಿದಳು. ಮುಂದಿನ ಹಬ್ಬಕ್ಕೆ ಅವಳು ಹೊರಗೆ ಕೂರುವವರ ಸಾಲಿನಲ್ಲಿರಲಿಲ್ಲ, ಒಳಗೆ ಬಂದು ಉಣ್ಣುವವರ ಸಾಲಿಗೆ ಸೇರಿದ್ದಳು. ಇಷ್ಟನ್ನು ಅಜ್ಜಿ ಸೊಪ್ಪು ಬಿಡಿಸುತ್ತಾ ಹೇಳುತ್ತಿದ್ದಳು, ಯಾವತ್ತೂ ಅಳುತ್ತಿರಲಿಲ್ಲ. ಆದರೆ ಎಡೆಗೆ ಬಾಳೆಲೆ ಹಾಸಿದ ಮೇಲೆ ಎಲ್ಲಕ್ಕಿಂತ ಮೊದಲು ಬಡಿಸುತ್ತಿದ್ದದ್ದು ವಡೆ. ಅವತ್ತು ಕೊಡದ ವಡೆಯನ್ನು ಮಗಳು ಬಂದು ತಿನ್ನಬೇಕು. ಅಜ್ಜಿಗೆ ಬದುಕಿನಲ್ಲಿ ಬೇಕಿದ್ದದ್ದು ಅದೊಂದೇ. ಮನೆ ಬದಲಾದರೂ ಬಟ್ಟೆ ನೋಡಿ ಗುರುತು ಹಿಡಿದು ಬರುತ್ತಾಳೆ ಎಂಬ ನಂಬಿಕೆ. ಆ ತೂತಿಗೆ ಹೊಲಿಗೆ ಹಾಕಲು ಹೋದ ಅಮ್ಮನ ಕೈಯಿಂದ ಸೂಜಿ ಕಿತ್ತುಕೊಂಡಿದ್ದಳು.

"ಅದು ನನ್ ಮಗ್ಳ ಕಣ್ಣು. ಮುಚ್ಬ್ಯಾಡ."

ಪ್ರತಿ ವರ್ಷ ನಾನು ಕೆಮ್ಮಿದ ಮೇಲೆ ಅಜ್ಜಿ ಮೊದಲು ಒಳಗೆ ಹೋಗಿ ವಡೆ ನೋಡುತ್ತಿದ್ದಳು. ಅದರ ಅಂಚು ಒಂಚೂರು ಮುರಿದಿರುತ್ತಿತ್ತು. ಅಜ್ಜಿಯ ಮುಖ ಬೆಳಗುತ್ತಿತ್ತು. ಆ ಅಂಚನ್ನು ಬಡಿಸುವಾಗಲೇ ಅಮ್ಮ ಹೆಬ್ಬೆರಳಿನಿಂದ ಮುರಿಯುತ್ತಿದ್ದಳು. ಅದನ್ನು ನಾನು ನೋಡಿದ್ದೆ. ನಾನು ನೋಡಿದ್ದನ್ನು ಅಮ್ಮನೂ ನೋಡಿದ್ದಳು. ಅವತ್ತಿನಿಂದ ನನ್ನ ಎಲೆಗೆ ಒಂದು ವಡೆ ಹೆಚ್ಚಿಗೆ ಬೀಳುತ್ತಿತ್ತು. ಅದರ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ, ಬಟ್ಟೆಯನ್ನು ಬಿಸಿಲಿಗೆ ಹಾಕಲು ಬಿಚ್ಚಿದಾಗ ಮಡಿಕೆಯ ಉದ್ದಕ್ಕೂ ಅದು ಹಪ್ಪಳದ ಹಾಗೆ ಸೀಳಿತು. ಅಜ್ಜಿ ನೆಲಕ್ಕೆ ಕೂತಳು. ಅಷ್ಟರಲ್ಲಿ ನಾಗ ಚಿಕ್ಕಪ್ಪ ಬಂದ. ಅವನು ಅಪ್ಪನ ತಮ್ಮ. ಮನೆ ಚಿಕ್ಕಬಾಣಾವರದಲ್ಲಿ, ಕೆಲಸ ಪೀಣ್ಯದಲ್ಲಿ. ಅಲ್ಲೊಂದು ಶೆಡ್ಡಿನಲ್ಲಿ ಬಟ್ಟೆಗೆ ಡಿಜಿಟಲ್ ಪ್ರಿಂಟ್ ಹಾಕುವ ಮಷೀನು ಇಟ್ಟುಕೊಂಡು ಹಾಸ್ಟೆಲುಗಳಿಗೆ ಬೆಡ್‌ಶೀಟು, ಪರದೆ ಮಾಡಿಕೊಡುತ್ತಿದ್ದ. ಜಗತ್ತಿನ ಯಾವ ದುಃಖವನ್ನಾದರೂ ಸ್ಕ್ಯಾನ್ ಮಾಡಿದರೆ ಸರಿಹೋಗುತ್ತದೆ ಎಂದು ನಂಬಿದ ಮನುಷ್ಯ.

"ಅಮ್ಮಾ, ಯೋಚ್ನೆ ಮಾಡ್ಬೇಡ. ಸೇಮ್ ಟು ಸೇಮ್ ಮಾಡ್ಕೊಡ್ತೀನಿ. ನಿನ್ ಗಿಣಿಗೇ ಕನ್‌ಫ್ಯೂಸ್ ಆಗ್ಬೇಕು, ಯಾವ್ದು ನಾನು ಅಂತ."

"ಗಿಣಿಗೆ ಆಗ್ಲಿ. ನನ್ ಮಗ್ಳಿಗೆ ಆಗ್ಬಾರ್ದು ಕಣೋ ನಾಗ."

ಬಟ್ಟೆಯನ್ನು ಹಾಲು ಕುಡಿಯುವ ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿ, ಕಾವಲಿಗೆ ನನ್ನನ್ನು ಜೊತೆ ಮಾಡಿ ಅಜ್ಜಿ ಕಳಿಸಿದಳು. ಸ್ಕೂಟರಿನಲ್ಲಿ ಇಡೀ ಬೆಂಗಳೂರು ದಾಟಿ ಪೀಣ್ಯ ತಲುಪುವಷ್ಟರಲ್ಲಿ ನನಗೆ ಒಂದು ಹಲ್ಲು ಬಿದ್ದು ಇನ್ನೊಂದು ಹುಟ್ಟಿತ್ತು. ಶೆಡ್ಡಿನಲ್ಲಿ ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಕಂಪ್ಯೂಟರಿನ ಮುಂದೆ ಕೂತಿದ್ದವನು ಬಟ್ಟೆಯಲ್ಲಿ ಬಣ್ಣ ಮಾಸದ ಒಂದು ತುಂಡನ್ನು ಹುಡುಕಿ ಅದನ್ನೇ ತೆಗೆದುಕೊಂಡ. ಅದೊಂದು ತುಂಡನ್ನು ಪಕ್ಕಪಕ್ಕ ಜೋಡಿಸುತ್ತಾ ಹೋದರೆ ಊರಿಗೆಲ್ಲ ಹಾಸುವಷ್ಟು ಬಟ್ಟೆಯಾಗುತ್ತದಂತೆ. ಅವನಿಗೆ ಸಿಕ್ಕ ಒಳ್ಳೆಯ ತುಂಡು ಕೆಳಗಿನ ಅಂಚಿನದು, ತೂತುಗಣ್ಣಿನ ಗಿಣಿ ಇದ್ದದ್ದು.

"ಸಾರ್, ಇಲ್ಲೊಂದು ಹೋಲ್ ಇದೆ. ಕ್ಲೀನ್ ಮಾಡ್ಲಾ?"

"ಏಯ್, ಮುಟ್ಬೇಡ ಗುರು!" ಚಿಕ್ಕಪ್ಪ ಕೂಗಿದ. "ಅದು ನಮ್ಮಕ್ಕ. ಹಂಗೇ ಇರ್ಲಿ. ನಮ್ಮಮ್ಮಂಗೆ ಅದೇ ಬೇಕಿರೋದು."

ಮಷೀನು ಚರ್ ಚರ್ ಎಂದು ಹೊಸ ಬಟ್ಟೆಯನ್ನು ಉಗುಳತೊಡಗಿತು. ಕೆಂಪು ನೆಲ, ನೀಲಿ ಬಳ್ಳಿ, ಗಿಣಿ. ಇನ್ನೊಂದು ಗಿಣಿ. ಮತ್ತೊಂದು. ಎಲ್ಲವೂ ಸ್ಕೂಲಿನ ಡ್ರಿಲ್ಲಿನ ಹಾಗೆ ಒಂದೇ ಕಡೆ ಕತ್ತು ತಿರುಗಿಸಿಕೊಂಡು, ಎಲ್ಲಕ್ಕೂ ಕಣ್ಣಿನ ಜಾಗದಲ್ಲಿ ಅದೇ ಆಕಾರದ ಕರಿ ಚುಕ್ಕಿ. ನಾನು ಓಡಿಹೋಗಿ ಒಂದಕ್ಕೆ ಕಣ್ಣಿಟ್ಟೆ. ರೆಪ್ಪೆಗೆ ಬೆಚ್ಚಗಿನ ಬಟ್ಟೆ ತಾಗಿತು. ಏನೂ ಕಾಣಲಿಲ್ಲ. ಪಕ್ಕದ್ದಕ್ಕೆ ಇಟ್ಟೆ, ಅದರ ಪಕ್ಕದ್ದಕ್ಕೆ ಇಟ್ಟೆ. ಅಷ್ಟೊಂದು ಕಣ್ಣುಗಳು, ಒಂದರಲ್ಲೂ ಆಚೆ ಕಾಣುವುದಿಲ್ಲ. ಮಷೀನು ಇನ್ನೂ ಗಿಣಿಗಳನ್ನು ತಳ್ಳುತ್ತಲೇ ಇತ್ತು. ನನಗೆ ಯಾಕೋ ಹಿಂದಕ್ಕೆ ಹೆಜ್ಜೆ ಇಡಬೇಕು ಅನ್ನಿಸಿತು, ಇಟ್ಟೆ.

ಮನೆಯಲ್ಲಿ ಅಜ್ಜಿ ಹಳೆಯದನ್ನೂ ಹೊಸದನ್ನೂ ಟೆರೇಸಿನ ಹಗ್ಗದ ಮೇಲೆ ಅಕ್ಕಪಕ್ಕ ಹಾಕಿಸಿದಳು. ಹೆಣ್ಣು ನೋಡಲು ಬಂದವರ ಹಾಗೆ ಸುತ್ತ ತಿರುಗಿದಳು. ಹಳೆಯದರ ಹಿಂಬದಿ ತಿರುಗಿಸಿದರೆ ಅಲ್ಲೂ ಗಿಣಿಯಿತ್ತು. ಬಣ್ಣ ನೂಲಿನೊಳಗೆ ಇಳಿದು ಆಚೆ ಹೊರಟಿತ್ತು. ಹೊಸದರ ಹಿಂಬದಿ ಬರೀ ಬಿಳುಪು, ಮುಖ ತೊಳೆದುಕೊಂಡ ಹೆಣದ ಹಾಗೆ. ಹಳೆಯದನ್ನು ಕೆನ್ನೆಗೆ ಒತ್ತಿಕೊಂಡಳು, ಹೊಸದನ್ನು ಒತ್ತಿಕೊಂಡಳು. ಹಳೆಯದು ಗಾಳಿಗೆ ಸದ್ದಿಲ್ಲದೆ ಏಳುತ್ತಿತ್ತು. ಹೊಸದು ಪಟಪಟ ಎನ್ನುತ್ತಿತ್ತು. ಕೊನೆಗೆ ಕರಿ ಚುಕ್ಕಿಯ ಮೇಲೆ ಬೆರಳಿಟ್ಟು ಉಗುರಿನಿಂದ ಕೆರೆದಳು.

"ಇದೇನ್ಲಾ?"

"ತೂತು ಕಣಮ್ಮ. ಲಲ್ತಕ್ಕಂದು. ಬಿಟ್ಟಿಲ್ಲ ನೋಡು ನಾನು."

"ಇದು ತೂತಲ್ಲ ಕಣೋ. ತೂತಿನ್ ಚಿತ್ರ."

ಚಿಕ್ಕಪ್ಪನ ಮುಖ ಬಾಡಿತು. ಅಮ್ಮ ಹಳೆಯ ಬಟ್ಟೆಯ ಸೀಳಿಗೆ ಹಿಂದಿನಿಂದ ಮಸ್ಲಿನ್ ಕೊಟ್ಟು, ಗಿಣಿಯ ಕಣ್ಣೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಲಿದಳು. ಈ ವರ್ಷಕ್ಕೆ ಹಳೆಯದೇ ಸಾಕು ಎಂದು ತೀರ್ಮಾನವಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಷೀನಿಗೆ ಹಾಕಿದ ಉರುಳೆಯನ್ನು ನಡುವೆ ನಿಲ್ಲಿಸಲಾಗುವುದಿಲ್ಲವೆಂದು ಚಿಕ್ಕಪ್ಪ ಉರುಳೆ ಪೂರ್ತಿ ಗಿಣಿ ಹೊಡೆಸಿದ್ದ. ಅಜ್ಜಿ ಹಬ್ಬಕ್ಕೆ ಮುಂಚೆ ಕಾಡುಗೋಡಿಯ ತಮ್ಮನ ಮನೆಗೆ ಹೋಗಿದ್ದಾಗ, ಅವಳನ್ನು ಸಂತೋಷಪಡಿಸಲು ಚಿಕ್ಕಪ್ಪನಿಗೊಂದು ಐಡಿಯಾ ಹೊಳೆಯಿತು. ಒಂದು ಬಾಗಿಲಿಗೆ ಗುರುತಿದ್ದರೆ ಅಕ್ಕನಿಗೆ ಮನೆ ಸಿಗುತ್ತದೆ. ಎಲ್ಲ ಬಾಗಿಲಿಗೂ ಗುರುತಿದ್ದರೆ ದೂರದಿಂದಲೇ ಸಿಗುತ್ತದೆ. ಬೀದಿಯ ಉಳಿದ ಬಿಲ್ಡಿಂಗುಗಳ ನಡುವೆ ನಮ್ಮದು ಎದ್ದು ಕಾಣಬೇಕು. ಪರದೆ ಹೊಲಿಸಿದ. ಪ್ರತಿ ಮಹಡಿಯ ಪ್ರತಿ ರೂಮಿನ ಬಾಗಿಲಿಗೂ ತೂಗಿಸಿದ.

ಅಜ್ಜಿ ಆಟೋ ಇಳಿದು ಒಳಗೆ ಬಂದಳು. ತೆರಪಿನ ಕೆಳಗೆ ನಿಂತು ಕತ್ತೆತ್ತಿದಳು. ಮೇಲಿನವರೆಗೂ ಸುತ್ತಲೂ ಕೆಂಪು, ಎಲ್ಲ ಕಡೆಯಿಂದಲೂ ಗಿಣಿಗಳು ಅವಳನ್ನೇ ನೋಡುತ್ತಿದ್ದವು. ಕೈಯಲ್ಲಿದ್ದ ಬಾಳೆಹಣ್ಣಿನ ಚೀಲ ಬಿತ್ತು.

"ಎಂಗೈತಮ್ಮ?" ಚಿಕ್ಕಪ್ಪ ಮೆಟ್ಟಿಲಿಂದ ಹಲ್ಲು ಬಿಟ್ಟ.

"ಅಯ್ಯೋ ಮುಂಡೇದೇ! ಎಲ್ಲಾ ಬಾಗ್ಲಿಗೂ ಅದೇ ಗಿಣಿ ಆಕಿದ್ರೆ ನನ್ ಮಗ್ಳು ಯಾವ್ ಬಾಗ್ಲಿಗೆ ಓಯ್ತಾಳೋ?"

ತನ್ನ ಐಡಿಯಾದ ಹಿಂಬದಿಯೂ ಬಿಳುಪು ಎಂದು ಚಿಕ್ಕಪ್ಪನಿಗೆ ಆಗ ಗೊತ್ತಾಯಿತು. ನಾನು ಬುದ್ಧಿವಂತಿಕೆ ತೋರಿಸಲು ನಡುವೆ ಹಾರಿದೆ. ಅಜ್ಜಿ, ಇವಕ್ಕೆ ನಿಜವಾದ ತೂತಿಲ್ಲ. ಅತ್ತೆ ಕಣ್ಣಿಟ್ಟು ನೋಡಿದರೆ ಯಾವುದು ನಿಜವೆಂದು ಗೊತ್ತಾಗುತ್ತದೆ ಎಂದೆ.

"ಅಷ್ಟೂ ಬಾಗ್ಲಿಗೂ ಕಣ್ಣಿಟ್ಟು ನೋಡ್ಕಂಡು ಬರೋ ಅಷ್ಟೊತ್ಗೆ ವಡೆ ಆರೋಯ್ತದಲ್ಲೇ," ಎಂದಳು ಅಜ್ಜಿ.

ಪರದೆ ಬಿಚ್ಚಿಸೋಣವೆಂದು ಅಪ್ಪ ಮೇಲೆ ಹೋದ. ಯಾರೂ ಬಿಡಲಿಲ್ಲ. ಓನರು ಕೊಳಾಯಿ ರಿಪೇರಿಯನ್ನೇ ಮಾಡಿಸದ ಬಿಲ್ಡಿಂಗಿನಲ್ಲಿ ಪರದೆ ಬಂದಿತ್ತು, ಅದನ್ನು ಯಾರು ಬಿಡುತ್ತಾರೆ? ಎರಡನೇ ಮಹಡಿಯ ಶಾಂತವ್ವ ಬಾಗಿಲಿಗೆ ಅಡ್ಡ ನಿಂತಳು. ಯಾದಗಿರಿ ಕಡೆಯವಳು, ಗಂಡ ಫ್ಯಾಕ್ಟರಿಯಲ್ಲಿ, ತಾನು ಕಟ್ಟಡದ ಕೆಲಸದಲ್ಲಿ. ದಿನವಿಡೀ ಇಟ್ಟಿಗೆ ಹೊತ್ತು ಬಂದು ಮಹಡಿಗೆಲ್ಲ ಕೇಳುವ ಹಾಗೆ ನಗುವ ಹೆಂಗಸು.

"ಪಡದಾ ಚೊಲೋ ಐತ್ರೀ, ಯಾಕ್ ಬಿಚ್ತೀರಿ? ಅಜ್ಜಿ ಮಗಳು ಬರೂದಿದ್ರ ನಮ್ ಖೋಲಿಗೂ ಬರ್ಲಿ ಬಿಡ್ರಿ. ನಾವೇನು ಹೊರಗ ಹಾಕ್ತೀವೇನು? ನಮ್ ಕಡೀನೂ ಹಿರ್ಯಾರಿಗಿ ಎಡಿ ಇಡ್ತೀವ್ರಿ."

ಕೆಳಗಿದ್ದ ಅಜ್ಜಿಗೆ ಇದು ಕೇಳಿಸಿತು. ಕತ್ತೆತ್ತಿ ಬಾಗಿಲುಗಳನ್ನು ಎಣಿಸಿದಳು. ಆಮೇಲೆ ಅಮ್ಮನಿಗೆ ಹೇಳಿದಳು: ಎಲ್ಲ ಬಾಗಿಲಿಗೂ ಎಡೆ ಇಡೋಣ.

ಆ ಹಬ್ಬದ ದಿನ ಅಮ್ಮ ಸುಟ್ಟ ವಡೆಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಐಟಿ ಪಾರ್ಕಿನ ಗೋಪುರಕ್ಕೆ ಕತ್ತು ನೋಯುತ್ತಿತ್ತು. ಸಂಜೆಯಾಗುತ್ತಿದ್ದಂತೆ ಒಂದೊಂದು ರೂಮಿಗೂ ಒಂದು ಎಲೆ, ಒಂದು ದೀಪ, ಒಂದು ವಡೆ ಹೋಯಿತು. ಫ್ರಾಕು ಮಾತ್ರ ನಮ್ಮ ನಡುಕೋಣೆಯಲ್ಲಿ, ಹಳೆಯ ಬಟ್ಟೆಯ ಹಿಂದೆ. ಬಾಡಿಗೆಯವರೆಲ್ಲ ತಮ್ಮ ತಮ್ಮ ಬಾಗಿಲ ಹೊರಗೆ ಜಗಲಿಯಲ್ಲಿ ನಿಂತರು. ಒಡಿಶಾದ ವೆಲ್ಡರುಗಳು ಏನೆಂದು ಅರ್ಥವಾಗದೆ ರಾಷ್ಟ್ರಗೀತೆಗೆ ನಿಂತ ಹಾಗೆ ಕೈ ಇಳಿಬಿಟ್ಟು ನಿಂತಿದ್ದರು. ಕುಕ್ಕರ್ ಕೂಗಲಿಲ್ಲ. ಟೀವಿ ಇಲ್ಲ, ಜಗಳವಿಲ್ಲ. ನಾನು ಹುಟ್ಟಿದ ಮೇಲೆ ಆ ತೆರಪು ಅಷ್ಟು ಸುಮ್ಮನಿದ್ದದ್ದು ಅದೊಂದೇ ಸಲ. ಕತ್ತೆತ್ತಿ ನೋಡಿದೆ. ಪ್ರತಿ ಪರದೆಯ ಹಿಂದೆಯೂ ದೀಪ, ಕೆಂಪು ಬಟ್ಟೆಯೆಲ್ಲ ಒಳಗಿನಿಂದ ಹೊತ್ತಿಕೊಂಡ ಹಾಗೆ. ಗಾಳಿಯಿರಲಿಲ್ಲ. ಆದರೂ ಮೇಲಿನ ಒಂದು ಪರದೆ ಒಳಕ್ಕೆ ಬಾಗಿ ಹೊರಕ್ಕೆ ಬಂತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ಯಾರೋ ಒಂದೊಂದಕ್ಕೂ ಮುಖವೊತ್ತಿ, ಅಲ್ಲ ಎಂದುಕೊಂಡು, ಮುಂದೆ ಹೋಗುತ್ತಿದ್ದ ಹಾಗೆ.

"ಕೆಳಿಕ್ಕೆ ಬಾ ಮಗಾ," ಎಂದಳು ಅಜ್ಜಿ, ಬಹಳ ಮೆಲ್ಲಗೆ. "ಕೆಳಗ್ಲ ಮನೆ. ಇಲ್ಲಿ."

ನನಗೆ ಭಯವಾಯಿತು. ಭಯವಾದಾಗ ನನಗೆ ಕೆಮ್ಮು ಬರುತ್ತದೆ. ಕೆಮ್ಮಿಬಿಟ್ಟೆ.

ಅಜ್ಜಿ ಚಿವುಟಲಿಲ್ಲ. ಎದ್ದು, ಹಳೆಯ ಬಟ್ಟೆ ಸರಿಸಿ ಒಳಗೆ ಹೋದಳು. ನಾವು ಹಿಂದೆ ಹೋದೆವು. ವಡೆ ಎಲೆಯ ಮೇಲೆ ಪೂರ್ಣಚಂದ್ರನ ಹಾಗೆ ಕೂತಿತ್ತು, ಅಂಚು ಒಂದಿಷ್ಟೂ ಮುರಿದಿರಲಿಲ್ಲ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಷ್ಟೂ ರೂಮುಗಳಿಗೆ ಬಡಿಸುವ ಗಡಿಬಿಡಿಯಲ್ಲಿ ನಮ್ಮ ವಡೆಯನ್ನು ಮುರಿಯಲು ಮರೆತಿದ್ದಳು. ಅಜ್ಜಿ ವಡೆಯನ್ನು ನೋಡಿದಳು, ಫ್ರಾಕು ನೋಡಿದಳು. ಗೋಡೆಗೆ ಒರಗಿ ಕೂತು ಕಾಲು ನೀಡಿದಳು.

"ಬರ್ನಿಲ್ಲ. ಕ್ವಾಪ ಇನ್ನೂ ಓಗಿಲ್ಲ ಅವ್ಳಿಗೆ."

ಚಿಕ್ಕಪ್ಪ ಬಾಗಿಲಲ್ಲಿ ನಿಂತು ಸಣ್ಣ ಹುಡುಗನ ಹಾಗೆ ಅಳತೊಡಗಿದ. ಆಗ ಮೇಲಿನಿಂದ ಶಾಂತವ್ವನ ದನಿ ಬಂತು. ಅದರಲ್ಲಿ ನಗುವಿರಲಿಲ್ಲ.

"ಅಜ್ಜೀ... ಒಂದ್ ಸ್ವಲ್ಪ ಮ್ಯಾಲ ಬರ್ರಿ."

ಮಂಡಿ ನೋವೆಂದು ಅಜ್ಜಿ ವರ್ಷಗಳಿಂದ ಮೆಟ್ಟಿಲು ಹತ್ತಿರಲಿಲ್ಲ. ಅವತ್ತು ಹತ್ತಿದಳು. ಶಾಂತವ್ವ ತನ್ನ ಪರದೆಯ ಪಕ್ಕದಲ್ಲಿ ನಿಂತು ಕೆಳಗಿನ ಸಾಲಿನ ಒಂದು ಗಿಣಿಯನ್ನು ತೋರಿಸಿದಳು. ಅದರ ಕಣ್ಣಿನಿಂದ ಬೆಳಕು ಬರುತ್ತಿತ್ತು. ಕರಿ ಚುಕ್ಕಿಯ ಜಾಗದಲ್ಲಿ ನಿಜವಾದ ತೂತು. ನೂಲುಗಳು ಒಳಮುಖವಾಗಿ ಬಾಗಿದ್ದವು. ಹೊರಗಿನಿಂದ ಯಾರೋ ಚುಚ್ಚಿದ್ದರು. ನಾನು ಅದರ ಮುಂದೆ ಕೂತೆ. ತೂತು ನನ್ನ ಕಣ್ಣಿಗಿಂತ ಒಂಚೂರು ಮೇಲಿತ್ತು, ಕೂತ ಹತ್ತು ವರ್ಷದವಳಿಗೆ ಸರಿಯಾಗಿ. ಒಳಗೆ ಎಲೆಯ ಮೇಲೆ ವಡೆ ಇರಲಿಲ್ಲ.

ಇಲಿ ಎಂದ ಅಪ್ಪ. ಇಲಿ ವಡೆ ತಿಂದೀತು, ಗಿಣಿಯ ಕಣ್ಣನ್ನೇ ಹುಡುಕಿ ಚುಚ್ಚುವುದಿಲ್ಲ. ಶಾಂತವ್ವನ ಗಂಡನ ಬೀಡಿ ಎಂದ ಚಿಕ್ಕಪ್ಪ. ಸುಟ್ಟ ಕಲೆ ಇರಲಿಲ್ಲ. ಹೊರಗಿನಿಂದ ಚುಚ್ಚಿದವರು ಯಾರೆಂದು ಹುಡುಕಹೊರಟರೆ, ಹೊರಗಿದ್ದದ್ದು ಇಡೀ ಬಿಲ್ಡಿಂಗು. ನಾನು ಆಮೇಲೆ ಒಬ್ಬಳೇ ಹೋಗಿ ಶಾಂತವ್ವನನ್ನೇ ಕೇಳಿದೆ, ಅಕ್ಕಾ, ನಿಜ ಹೇಳಿ, ನೀವೇ ಅಲ್ವಾ ಎಂದು.

"ಹೊಸಾ ಪಡದಾ ಯಾರರ ಹರೀತಾರೇನವಾ?" ಎಂದಳು. ಅದು ಇಲ್ಲ ಎಂದಲ್ಲ, ಹೌದು ಎಂದೂ ಅಲ್ಲ.

ಅಜ್ಜಿ ಮಾತ್ರ ಯಾರನ್ನೂ ಏನೂ ಕೇಳಲಿಲ್ಲ. ಆ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ಲಾಸ್ಟಿಕ್ ವಾಸನೆಯ ಆ ಬಟ್ಟೆಗೆ ಮುಖವೊತ್ತಿಕೊಂಡು, ಮೊದಲ ಸಲ ಅತ್ತಳು. "ಬಂದವ್ಳೆ. ತಿಂದವ್ಳೆ," ಎಂದಳು. ಮುಂದಿನ ವರ್ಷದಿಂದ ಎಡೆ ಇಡುವುದು ಎರಡನೇ ಮಹಡಿಗೆ ಹೋಯಿತು. 'ಅವ್ಳಿಗೆ ಈಗ ಅದೇ ಅಭ್ಯಾಸ ಆಗೈತೆ' ಎನ್ನುತ್ತಿದ್ದಳು ಅಜ್ಜಿ. ಫ್ರಾಕು ಹತ್ತಕ್ಕೆ ನನಗೆ ಅಚ್ಚುಕಟ್ಟಾಗಿ ಕೂತಿತು. ಅಜ್ಜಿ ಆವತ್ತು ನನ್ನ ಹೆಸರು ಹಿಡಿದು ಕರೆಯಲಿಲ್ಲ. ಹನ್ನೊಂದಕ್ಕೆ ಹಿಂಬದಿಯ ಜಿಪ್ ಹತ್ತಲಿಲ್ಲ. ಅಲ್ಲಿಂದಾಚೆಗಿನ ಫ್ರಾಕುಗಳೆಲ್ಲ ಮಡಿಕೆ ಬಿಚ್ಚದೆ ಟ್ರಂಕಿನಲ್ಲಿವೆ. ನಾನು ಅತ್ತೆಗಿಂತ ದೊಡ್ಡವಳಾದೆ.

ಕಳೆದ ಬೇಸಿಗೆಯಲ್ಲಿ ಅಜ್ಜಿ ಹೋದಳು. ಹೋಗುವ ಮುಂಚೆ ಹಳೆಯ ಬಟ್ಟೆ ತರಿಸಿ, ಮಡಿಲಲ್ಲಿ ಇಟ್ಟುಕೊಂಡು ನನಗೆ ಹೇಳಿದಳು:

"ನಾನು ಸತ್ತಾಗ ಇದ್ನ ನನ್ ಮ್ಯಾಲೆ ಒದೆಸಿ. ಈ ಮನೆಗೆ ಬರೋಕೆ ಅವ್ಳಿಗೆ ದಾರಿ ಗೊತ್ತಾಗೈತೆ. ಅಲ್ಲಿ ನನ್ ಗುರ್ತು ಸಿಗ್ಬೇಕಲ್ಲ. ತೂತು ಮಕದ್ ತಾವ ಬರ್ಲಿ."

ಕೆರೆಯ ಪಕ್ಕದಲ್ಲಿ ಮಣ್ಣು ಮಾಡುವಾಗ ಹಾಗೇ ಹೊದೆಸಿದೆವು. ಸೋತ ಕೈಯ ಗಿಣಿಗಳು, ಎರಡು ಕೊಕ್ಕಿನದು, ಟೋಪಿಯದು, ಎಲ್ಲ ಅಜ್ಜಿಯ ಜೊತೆ ಹೋದವು. ಮೇಲಿನ ಪರದೆಗಳೂ ಒಂದೊಂದಾಗಿ ಬಣ್ಣ ಬಿಟ್ಟು, ನೆಲ ಒರೆಸುವ ಬಟ್ಟೆಯಾಗಿ ಮುಗಿದವು. ಶಾಂತವ್ವನವರು ಊರಿಗೆ ಹೋದರು. ಅವರ ರೂಮನ್ನು ಈಗ ಬಾಡಿಗೆಗೆ ಕೊಡುವುದಿಲ್ಲ. ಕೇಳಿಕೊಂಡು ಬಂದವರಿಗೆ ಅಪ್ಪ 'ಸೋರುತ್ತೆ ಸಾರ್' ಎನ್ನುತ್ತಾನೆ. ಅದರ ಬಾಗಿಲಲ್ಲಿ ಒಂದೇ ಒಂದು ಪರದೆ ಉಳಿದಿದೆ. ಕೆಂಪು ಹೋಗಿ ಮಣ್ಣಿನ ಬಣ್ಣ ಬಂದಿದೆ, ಪಟಪಟ ಸದ್ದು ನಿಂತಿದೆ, ತೂತಿನ ಸುತ್ತ ನೂಲು ಮೆತ್ತಗಾಗಿದೆ. ನಮ್ಮ ಮನೆಯ ಹಳೆಯ ಬಟ್ಟೆ ಎಂದರೆ ಈಗ ಅದೇ.

ಈ ವರ್ಷ ಎಡೆಯನ್ನು ನಾನೇ ಇಟ್ಟೆ. ಒಂದು ಫ್ರಾಕು, ಪಕ್ಕದಲ್ಲಿ ಒಂದು ಸೀರೆ. ಮೊದಲು ವಡೆ. ಅಂಚು ಮುರಿಯಲಿಲ್ಲ, ಮುರಿಯಬೇಡ ಎಂದು ಅಮ್ಮನಿಗೂ ಹೇಳಿದೆ. ದೀಪ ಹಚ್ಚಿ, ಪರದೆ ಇಳಿಬಿಟ್ಟು, ಮನೆಯವರೆಲ್ಲ ಕೆಳಗೆ ಕೂತಾಗ ನಾನೊಬ್ಬಳು ಮೇಲಿನ ಜಗಲಿಯಲ್ಲಿ ಕೂತೆ. ಕೂತು ಒಂಚೂರು ಬಾಗಿದರೆ ತೂತು ನನ್ನ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಅದರಿಂದ ದೀಪದ ಬೆಳಕಿನ ಒಂದು ಎಳೆ ಬಂದು ನನ್ನ ಮಂಡಿಯ ಮೇಲೆ ಕೂತಿತ್ತು. ಕೆಳಗಿನಿಂದ ಅಪ್ಪ ಕೂಗಿದ:

"ಕೆಮ್ಮೇ ಸಿಂಚು, ಹಸಿವಾಯ್ತಿದೆ!"

ಮಂಡಿಯ ಮೇಲಿನ ಬೆಳಕು ಆರಿತು. ದೀಪ ಆರಿರಲಿಲ್ಲ, ಪರದೆಯ ಉಳಿದ ಭಾಗವೆಲ್ಲ ಇನ್ನೂ ಒಳಗಿನಿಂದ ಬೆಳಗುತ್ತಲೇ ಇತ್ತು. ತೂತು ಮಾತ್ರ ಕಪ್ಪಾಗಿತ್ತು, ಆ ಕಡೆಯಿಂದ ಯಾರೋ ಕಣ್ಣಿಟ್ಟ ಹಾಗೆ. ಗಂಟಲಲ್ಲಿ ಕೆಮ್ಮು ತುಂಬಿ ಬಂತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ಅವರಿನ್ನೂ ಕೈ ತೊಳೆದಿರಲಿಲ್ಲ.